ತಾಜಮಹಲಿನ ಗಾಳಿಯನ್ನು ಅಳೆದ ಬಗೆ

ಭೌತವಿಜ್ಞಾನದ ಪ್ರಯೋಗಶಾಲೆಗೆ ಮೊದಲ ಬಾರಿ ಕಾಲಿಡುವ ವಿದ್ಯಾರ್ಥಿಯ ಕೈಗೆ ನಾವು ಸಾಮಾನ್ಯವಾಗಿ ಒಂದು ಸ್ಕ್ರೂ ಗೇಜನ್ನೂ ಒಂದು ತುಂಡು ತಂತಿಯನ್ನೂ ಕೊಡುತ್ತೇವೆ. ತಂತಿಯ ದಪ್ಪವನ್ನು ಕಂಡುಹಿಡಿಯುವ ಆತುರದಲ್ಲಿ ಆತನು ಒಡನೆಯೇ ತಂತಿಯನ್ನು ಉಪಕರಣದ ಬಾಯಿಗೆ ಸಿಕ್ಕಿಸುವನು. ಮೊದಲು ಬರಿಯ ಉಪಕರಣದ ಬಾಯನ್ನು ಮುಚ್ಚಿ, ಅದು ಏನು ತೋರಿಸುತ್ತದೆಂಬುದನ್ನು ಬರೆದುಕೊಳ್ಳಬೇಕೆಂದು ನಾವು ಹೇಳಬೇಕಾಗುತ್ತದೆ. ನಡುವೆ ಏನೂ ಇಲ್ಲದಿರುವಾಗಲೂ ಅದು ಸೊನ್ನೆಯನ್ನೇ ತೋರಿಸಬೇಕೆಂಬ ನಿಯಮವಿಲ್ಲ. ಆ ಶೂನ್ಯದೋಷವನ್ನು ಕಳೆಯದೆ ಹೇಳಿದ ಅಳತೆಯು ತಂತಿಯ ಅಳತೆಯೇ ಅಲ್ಲ.

ಒಂದು ಊರಿನ ಬಳಿ ದೊಡ್ಡದೊಂದು ಕಾರ್ಖಾನೆಯನ್ನು ಕಟ್ಟುವ ಪ್ರಸ್ತಾಪ ಬಂದಾಗ, ಅದರಿಂದ ಅಲ್ಲಿಯ ಗಾಳಿ ನೀರು ನೆಲಗಳಿಗೆ ಎಷ್ಟು ಕೆಡುಕು ಉಂಟಾದೀತೆಂಬ ಪ್ರಶ್ನೆಯೂ ಇದೇ ಜಾತಿಯದು. ಕಾರ್ಖಾನೆ ಬಂದ ಮೇಲಿನ ಸ್ಥಿತಿಯಿಂದ ಅದು ಬರುವ ಮುನ್ನಿನ ಸ್ಥಿತಿಯನ್ನು ಕಳೆದರೆ ಉಳಿಯುವುದೇ ಅದರ ಪರಿಣಾಮ. ಆದರೆ ಇಲ್ಲಿ ಒಂದು ದೊಡ್ಡ ವ್ಯತ್ಯಾಸವುಂಟು. ಪ್ರಯೋಗಶಾಲೆಯಲ್ಲಿ ಮರೆತ ವಿದ್ಯಾರ್ಥಿ ತಂತಿಯನ್ನು ತೆಗೆದು ಶೂನ್ಯದೋಷವನ್ನು ಆಮೇಲೆ ನೋಡಬಹುದು. ಚಿಮಣಿ ಎದ್ದುನಿಂತು ಹೊಗೆಯುಗುಳಲು ತೊಡಗಿದ ಮೇಲೆ, ಅದು ಇಲ್ಲದ ದಿನಗಳ ಗಾಳಿಯನ್ನು ಅಳೆಯುವ ಉಪಾಯ ಯಾರಲ್ಲಿಯೂ ಇಲ್ಲ. ಆದುದರಿಂದ ಮೊದಲಿನ ಅಳತೆಯನ್ನು ಮೊದಲೇ ಮಾಡಬೇಕು. ಈ ಮಾತು ಎಷ್ಟು ಸರಳವೋ ಅದನ್ನು ಪಾಲಿಸುವುದು ಅಷ್ಟೇ ಅಪರೂಪ. ಅದನ್ನು ಪಾಲಿಸಹೋದಾಗ ಏನು ಕಂಡುಬಂದಿತೆಂಬುದಕ್ಕೆ ನಮ್ಮ ದೇಶದ ಒಂದು ಪ್ರಸಿದ್ಧ ಪ್ರಕರಣವನ್ನು ಇಲ್ಲಿ ನೋಡೋಣ.

1970ರ ದಶಕದ ಆದಿಯಲ್ಲಿ ಉತ್ತರಪ್ರದೇಶದ ಮಥುರೆಯ ಬಳಿ, ವರ್ಷಕ್ಕೆ 60 ಲಕ್ಷ ಟನ್ನು ಕಚ್ಚಾತೈಲವನ್ನು ಶುದ್ಧಿಮಾಡಬಲ್ಲ ಕಾರ್ಖಾನೆಯನ್ನು ಸ್ಥಾಪಿಸಬೇಕೆಂದು ನಿಶ್ಚಯವಾಯಿತು. ಉತ್ತರಭಾರತದ ಬೇಡಿಕೆಗೆ ಸ್ಥಳವು ಹತ್ತಿರ. ದಿಲ್ಲಿಗೆ ಹೋಗುವ ರೈಲುಮಾರ್ಗ ಪಕ್ಕದಲ್ಲಿಯೇ ಉಂಟು. ಗುಜರಾತಿನ ಕಡಲತೀರದ ಸಲಾಯಾದಿಂದ ಕೊಳವೆಯ ಮೂಲಕ ತೈಲವನ್ನು ತರಬಹುದು. ವ್ಯಾಪಾರದ ದೃಷ್ಟಿಯಿಂದ ಆಯ್ಕೆಯಲ್ಲಿ ತಪ್ಪು ಹುಡುಕುವುದು ಕಷ್ಟ. ಆದರೆ ಮಥುರೆಯಿಂದ ಆಗ್ನೇಯಕ್ಕೆ ಸುಮಾರು 40 ಕಿಲೊಮೀಟರ್ ದೂರದಲ್ಲಿ ಆಗ್ರಾ ನಗರವಿದೆ, ಅಲ್ಲಿ ತಾಜಮಹಲಿದೆ. ದೇಶದ ಒಳಗೂ ಹೊರಗೂ ಕಳವಳ ಎದ್ದಿತು. 1974ರಲ್ಲಿ ಸರ್ಕಾರವು ರಸಾಯನವಿಜ್ಞಾನಿ ಡಾ. ಎಸ್. ವರದರಾಜನ್ ಅವರ ಅಧ್ಯಕ್ಷತೆಯಲ್ಲಿ ತಜ್ಞರ ಸಮಿತಿಯೊಂದನ್ನು ನೇಮಿಸಿತು. ಸ್ಥಳ ನಿಶ್ಚಯವಾದ ಮೇಲೆ ಪರಿಣಾಮದ ವಿಚಾರಣೆ ಎಂಬುದನ್ನು ವಾಚಕರು ಗಮನಿಸಬೇಕು. ಹೆಣ್ಣು ಗೊತ್ತುಮಾಡಿ ಲಗ್ನಪತ್ರಿಕೆ ಹಂಚಿದ ಮೇಲೆ ಜಾತಕ ನೋಡಿದಂತೆ! ಆದರೂ ಸಮಿತಿಯು ತನ್ನ ಕೆಲಸವನ್ನು ಶ್ರದ್ಧೆಯಿಂದಲೇ ಮಾಡಿತೆಂದು ಹೇಳಬೇಕು.

ಭಯವೇನು? ಕಚ್ಚಾತೈಲದಲ್ಲಿ ಗಂಧಕವಿರುತ್ತದೆ. ಅದು ಉರಿದಾಗ ಗಂಧಕದ ಡೈಆಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಒಂದು ಟನ್ನು ಗಂಧಕ ಉರಿದರೆ ಎರಡು ಟನ್ನು ಅನಿಲ. ಇದು ಗಾಳಿಯಲ್ಲಿ ತೇವಾಂಶದೊಡನೆ ಸೇರಿ ಕ್ರಮೇಣ ಗಂಧಕಾಮ್ಲವಾಗುತ್ತದೆ. ಅಮೃತಶಿಲೆಯಾದರೋ ಕ್ಯಾಲ್ಸಿಯಂ ಕಾರ್ಬೊನೇಟು. ನಾವು ಶಾಲೆಯಲ್ಲಿ ಸುಣ್ಣದ ಕಲ್ಲಿನ ಮೇಲೆ ಆಮ್ಲ ಸುರಿದು ಬುರುಗು ಬರಿಸುತ್ತಿದ್ದ ವಸ್ತುವೇ. ಗಂಧಕಾಮ್ಲ ತಗಲಿದ ಅಮೃತಶಿಲೆಯ ಮೈ ಜಿಪ್ಸಮ್ ಆಗಿ ಮಾರ್ಪಡುತ್ತದೆ. ಜಿಪ್ಸಮ್ ನೀರಿನಲ್ಲಿ ಕರಗುವುದು ಮೂಲದ ಶಿಲೆಗಿಂತ ನೂರು ಪಟ್ಟಿಗೂ ಮಿಗಿಲು. ಅಲ್ಲದೆ ಅದು ಹಿಡಿಸುವ ಜಾಗವೂ ಸುಮಾರು ಇಮ್ಮಡಿ. ಆದುದರಿಂದ ಮೇಲ್ಪದರವು ಉಬ್ಬಿ, ಸಡಿಲವಾಗಿ, ಮಳೆಯಲ್ಲಿ ತೊಳೆದುಹೋಗುತ್ತದೆ. ಕುಸುರಿ ಕೆತ್ತನೆಯ ಅಂಚುಗಳಿಗೆ ಇದು ಮೆಲ್ಲನೆ ಬರುವ ಮರಣ.

ಹಾಗಾದರೆ ಮಥುರೆಯ ಅನಿಲ ಆಗ್ರಾಕ್ಕೆ ಬರುವುದೆ? ಇದು ಗಾಳಿಯ ದಿಕ್ಕಿನ ಪ್ರಶ್ನೆ. ಹವಾಮಾನ ಕೇಂದ್ರಗಳಲ್ಲಿ ಪ್ರತಿ ಗಂಟೆಯೂ ಬರೆದಿಟ್ಟ ಗಾಳಿಯ ದಿಕ್ಕು ವೇಗಗಳನ್ನು ವಿಜ್ಞಾನಿಗಳು ಒಂದು ಚಿತ್ರವಾಗಿ ಬರೆಯುತ್ತಾರೆ. ನಡುವೆ ಒಂದು ಚಿಕ್ಕ ವೃತ್ತ. ಅದರಿಂದ ಹದಿನಾರು ದಿಕ್ಕುಗಳಿಗೂ ಒಂದೊಂದು ಎಸಳು. ಯಾವ ದಿಕ್ಕಿನಿಂದ ಗಾಳಿ ಹೆಚ್ಚು ಸಾರಿ ಬೀಸುತ್ತದೆಯೋ ಆ ದಿಕ್ಕಿನ ಎಸಳು ಅಷ್ಟು ಉದ್ದ. ಹೂವಿನಂತೆ ಕಾಣುವುದರಿಂದ ಇದನ್ನು ಗಾಳಿಯ ಗುಲಾಬಿ ಎಂದು ಕರೆಯಬಹುದು. ನಮ್ಮ ಹಿಂದಿನವರು ಎಂಟು ದಿಕ್ಕುಗಳಲ್ಲಿ ವಾಯುದೇವನಿಗೆ ಕೊಟ್ಟುದು ವಾಯವ್ಯವನ್ನು. ಆಗ್ರಾದ ಗುಲಾಬಿಯನ್ನು ನೋಡಿದರೆ ಅವರು ಗಂಗಾಯಮುನೆಗಳ ಬಯಲಿನಲ್ಲಿ ಕುಳಿತು ಈ ಹಂಚಿಕೆ ಮಾಡಿದರೋ ಎಂಬಂತಿದೆ. ಮಳೆಗಾಲವನ್ನು ಬಿಟ್ಟರೆ ವರ್ಷದ ಬಹುಭಾಗದಲ್ಲಿ ಅಲ್ಲಿ ಪಶ್ಚಿಮ ವಾಯವ್ಯಗಳ ಗಾಳಿಯೇ ಹೆಚ್ಚು. ಮಥುರೆ ಇರುವುದೂ ವಾಯವ್ಯದಲ್ಲಿಯೇ.

ಗಾಳಿಯ ಗುಲಾಬಿಯಲ್ಲಿ ಒಂದು ಮೋಸವುಂಟು. ಗಾಳಿ ನಿಂತುಹೋದ ಗಂಟೆಗಳಿಗೆ ದಿಕ್ಕಿಲ್ಲ. ಆದುದರಿಂದ ಎಸಳೂ ಇಲ್ಲ. ಅವನ್ನೆಲ್ಲ ಒಂದು ಅಂಕಿಯಾಗಿ ನಡುವಣ ವೃತ್ತದೊಳಗೆ ಬರೆದುಬಿಡುತ್ತಾರೆ. ಚಿತ್ರವನ್ನು ನೋಡುವವರ ಕಣ್ಣು ಉದ್ದನೆಯ ಎಸಳುಗಳ ಮೇಲೆ ಹೋಗುತ್ತದೆ. ಆದರೆ ಹೊಗೆಯ ವಿಷಯದಲ್ಲಿ ಅತ್ಯಂತ ಕೆಟ್ಟ ಗಂಟೆಗಳು ಆ ಚಿಕ್ಕ ವೃತ್ತದೊಳಗೆ ಅಡಗಿರುತ್ತವೆ. ಇದೇಕೆಂಬುದನ್ನು ತಿಳಿಯಲು ನಾವು ದಿಕ್ಕನ್ನು ಬಿಟ್ಟು ಎತ್ತರದ ಕಡೆಗೆ ನೋಡಬೇಕು.

ಮಾಗಿಯ ಬೆಳಗಿನಲ್ಲಿ ಮಲೆನಾಡಿನ ಹಳ್ಳಿಗಳನ್ನು ಕಂಡವರಿಗೆ ಒಂದು ನೋಟ ನೆನಪಿರಬಹುದು. ಬಚ್ಚಲೊಲೆಯ ಹೊಗೆ ಹಂಚಿನ ಸಂದುಗಳಿಂದ ಎದ್ದು, ಅಡಕೆಯ ಮರಗಳ ತಲೆಯ ಮಟ್ಟಕ್ಕೆ ಬಂದು, ಮುಂದೆ ಏರಲಾರದೆ, ಬಿಳಿಯ ಚಾದರದಂತೆ ಅಡ್ಡಲಾಗಿ ಹರಡಿ ನಿಲ್ಲುತ್ತದೆ. ಹತ್ತು ಗಂಟೆಯ ಬಿಸಿಲೇರುವ ಹೊತ್ತಿಗೆ ಆ ಚಾದರ ಮಾಯವಾಗಿರುತ್ತದೆ. ಇದರ ಕಾರಣ ಹೀಗೆ. ಒಣಗಾಳಿ ಮೇಲೇರಿದಂತೆ ಹಿಗ್ಗಿ, ಕಿಲೊಮೀಟರಿಗೆ ಸುಮಾರು 10 ಡಿಗ್ರಿ ಸೆಲ್ಸಿಯಸ್‌ನಂತೆ ತಣ್ಣಗಾಗುತ್ತದೆ. ಹಗಲಿನಲ್ಲಿ ನೆಲ ಕಾದು, ಅದಕ್ಕೆ ತಗಲಿದ ಗಾಳಿಯೂ ಕಾದಿರುವಾಗ, ಮೇಲೇರುವ ಗಾಳಿ ತಣ್ಣಗಾದರೂ ತನ್ನ ಸುತ್ತಲಿನ ಗಾಳಿಗಿಂತ ಬೆಚ್ಚಗೆಯೇ ಉಳಿದು ಮತ್ತಷ್ಟು ಏರುತ್ತದೆ. ಹೊಗೆಯೂ ಅದರೊಡನೆ ಎತ್ತರಕ್ಕೆ ಹೋಗಿ ಚೆದರುತ್ತದೆ. ರಾತ್ರಿಯಲ್ಲಿ ಹಾಗಲ್ಲ. ನಿರ್ಮಲವಾದ ಆಕಾಶದ ಕೆಳಗೆ ನೆಲವು ತನ್ನ ಶಾಖವನ್ನು ಸೂಸಿ ಬೇಗ ತಂಪಾಗುತ್ತದೆ. ನೆಲಕ್ಕೆ ಹತ್ತಿದ ಗಾಳಿ ತಂಪಾಗುತ್ತದೆ. ಮೇಲಿನ ಗಾಳಿ ಬೆಚ್ಚಗೆ ಉಳಿಯುತ್ತದೆ. ಎತ್ತರಕ್ಕೆ ಹೋದಂತೆ ಉಷ್ಣತೆ ಕಡಮೆಯಾಗುವ ಬದಲು ಹೆಚ್ಚುವ ಈ ಸ್ಥಿತಿಯನ್ನು ಉಷ್ಣತಾವಿಪರ್ಯಯ ಎನ್ನುವರು. ಕೆಳಗಿನ ತಂಪು ಗಾಳಿ ಭಾರವಾದುದರಿಂದ ಏರಲಾರದು. ಪಾತ್ರೆಗೆ ಮುಚ್ಚಳ ಹಾಕಿದಂತಾಗುವುದು.

1952ರ ಡಿಸೆಂಬರ್ 5ರಿಂದ 9ರವರೆಗೆ ಲಂಡನ್ ನಗರದ ಮೇಲೆ ಬಿದ್ದುದು ಇಂಥದೇ ಒಂದು ಮುಚ್ಚಳ. ಕಲ್ಲಿದ್ದಲಿನ ಹೊಗೆ ಹೋಗಲು ಎಡೆಯಿಲ್ಲದೆ ಸಾವಿರಾರು ಮಂದಿ ಸತ್ತರು. ಆ ದಿನಗಳಲ್ಲಿ ಊರಿನ ಒಲೆಗಳು ಹಿಂದಿನ ವಾರಕ್ಕಿಂತ ಬಹಳ ಹೆಚ್ಚೇನೂ ಉರಿಯುತ್ತಿರಲಿಲ್ಲ. ಬದಲಾದುದು ಮುಖ್ಯವಾಗಿ ಗಾಳಿ.

ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡೋಣ. ಅಂಕಿಗಳು ನಮ್ಮ ಕಲ್ಪನೆಯವು; ಯಾವ ಕಾರ್ಖಾನೆಯವೂ ಅಲ್ಲ. ಒಂದು ಮೂಲದಿಂದ ಸೆಕೆಂಡಿಗೆ 100 ಗ್ರಾಂ ಅನಿಲ ಹೊರಬೀಳುತ್ತಿದೆಯೆನ್ನೋಣ. ಅದು ದೂರ ಹೋಗುವಷ್ಟರಲ್ಲಿ 5 ಕಿಲೊಮೀಟರ್ ಅಗಲಕ್ಕೆ ಹರಡಿತು. ಹಗಲಿನಲ್ಲಿ ಗಾಳಿ ಸೆಕೆಂಡಿಗೆ 4 ಮೀಟರ್ ವೇಗದಿಂದ ಬೀಸುತ್ತಿದೆ, ಹೊಗೆ 1000 ಮೀಟರ್ ಎತ್ತರದವರೆಗೆ ಬೆರೆತಿದೆ. ಆಗ ಆ 100 ಗ್ರಾಮನ್ನು ಪ್ರತಿ ಸೆಕೆಂಡಿಗೂ ಹಂಚಿಕೊಳ್ಳುವ ಗಾಳಿ 4 × 5000 × 1000, ಅಂದರೆ 2 ಕೋಟಿ ಘನಮೀಟರ್. ಒಂದು ಘನಮೀಟರಿಗೆ ಬಂದ ಪಾಲು 5 ಮೈಕ್ರೊಗ್ರಾಂ. ಮಾಗಿಯ ರಾತ್ರಿಯಲ್ಲಿ ಗಾಳಿಯ ವೇಗ ಸೆಕೆಂಡಿಗೆ 1 ಮೀಟರಿಗೆ ಇಳಿಯಿತು, ಮುಚ್ಚಳ 100 ಮೀಟರಿನಲ್ಲಿ ಕುಳಿತಿತು. ಈಗ ಗಾಳಿ 5 ಲಕ್ಷ ಘನಮೀಟರ್ ಮಾತ್ರ. ಪಾಲು 200 ಮೈಕ್ರೊಗ್ರಾಂ. ಚಿಮಣಿ ಒಂದು ಗ್ರಾಮನ್ನೂ ಹೆಚ್ಚಾಗಿ ಉಗುಳಲಿಲ್ಲ. ಆದರೂ ಗಾಳಿ ನಲವತ್ತು ಪಟ್ಟು ಕೆಟ್ಟಿತು. ಭಾರತದಲ್ಲಿ 2009ರಲ್ಲಿ ಪ್ರಕಟವಾದ ರಾಷ್ಟ್ರೀಯ ಮಾನದಂಡದಂತೆ ಗಂಧಕದ ಡೈಆಕ್ಸೈಡ್ ಒಂದು ದಿನದ ಸರಾಸರಿಯಲ್ಲಿ 80 ಮೈಕ್ರೊಗ್ರಾಮನ್ನು ಮೀರಬಾರದು ಎಂಬುದನ್ನು ಇದರೊಡನೆ ಹೋಲಿಸಬಹುದು. ಬೇಸಿಗೆಯಲ್ಲಿ ಅಳೆದವರೂ ಮಾಗಿಯಲ್ಲಿ ಅಳೆದವರೂ ಒಂದೇ ಸ್ಥಳದ ಬಗ್ಗೆ ಎಷ್ಟು ಬೇರೆಬೇರೆ ವರದಿಗಳನ್ನು ಬರೆಯಬಲ್ಲರೆಂಬುದು ಇದರಿಂದ ತಿಳಿಯುತ್ತದೆ.

ಇನ್ನು ವರದರಾಜನ್ ಸಮಿತಿಯ ವರದಿಗೆ ಬರೋಣ. ಮಥುರೆಯ ಕಾರ್ಖಾನೆ ಇನ್ನೂ ಹೊಗೆಯಾಡದಿದ್ದ ಆ ವರ್ಷಗಳಲ್ಲಿ ಸಮಿತಿಯು ಮೊದಲು ಆಗ್ರಾದ ಗಾಳಿಯನ್ನೇ ಪರೀಕ್ಷಿಸಿತು. ನಮ್ಮ ಮಾತಿನಲ್ಲಿ ಹೇಳುವುದಾದರೆ ಶೂನ್ಯದೋಷವನ್ನು ನೋಡಿತು. ಆಗ ಕಂಡುದು ಬಹುಮಂದಿ ನಿರೀಕ್ಷಿಸದಿದ್ದ ಸಂಗತಿ. ಸೊನ್ನೆಯು ಸೊನ್ನೆಯಾಗಿರಲಿಲ್ಲ. ಗಂಧಕದ ಡೈಆಕ್ಸೈಡೂ ತೇಲುವ ಕಣಗಳೂ ಆಗ್ರಾದ ಗಾಳಿಯಲ್ಲಿ ಆಗಲೇ ಗಣನೀಯವಾಗಿದ್ದವು. ಮೂಲಗಳು ಯಾವುವು? ಕಲ್ಲಿದ್ದಲನ್ನು ಉರಿಸುತ್ತಿದ್ದ ಎರಡು ವಿದ್ಯುತ್ ಕೇಂದ್ರಗಳು. ಸುಮಾರು 250 ಎರಕದ ಮತ್ತಿತರ ಸಣ್ಣ ಕಾರ್ಖಾನೆಗಳು. ರೈಲ್ವೆಯ ಷಂಟಿಂಗ್ ಅಂಗಳದಲ್ಲಿ ಹಗಲಿರುಳು ಓಡಾಡುತ್ತಿದ್ದ ಉಗಿಯಂತ್ರಗಳು. ದೂರದ ಮಥುರೆಯಿಂದ ಬರಲಿರುವ ಶತ್ರುವಿಗಾಗಿ ಕೋಟೆಯ ಮೇಲೆ ನಿಂತು ನೋಡುತ್ತಿದ್ದವರಿಗೆ ಶತ್ರು ಊರೊಳಗೇ ಅಂಗಡಿಯಿಟ್ಟುಕೊಂಡಿದ್ದುದು ತಿಳಿದಂತಾಯಿತು.

ಈ ಸಣ್ಣ ಮೂಲಗಳು ಹೊರಬಿಡುವ ಅನಿಲದ ಒಟ್ಟು ಮೊತ್ತ ದೊಡ್ಡದಲ್ಲದಿರಬಹುದು, ಆದರೆ ಸ್ಮಾರಕಗಳಿಗೆ ತೀರ ಹತ್ತಿರದಲ್ಲಿರುವುದರಿಂದ ಅಲ್ಲಿಯ ಗಾಳಿಯಲ್ಲಿ ಅವುಗಳ ಪಾಲು ಬಹಳ ಹೆಚ್ಚೆಂಬುದು ಸಮಿತಿಯ ಅಭಿಪ್ರಾಯವಾಗಿತ್ತು. ಭೌತವಿಜ್ಞಾನದ ದೃಷ್ಟಿಯಿಂದ ಇದು ಸರಿಯಾದ ಮಾತು. ಸಾಧಾರಣವಾದ ಗಾಳಿಯಲ್ಲಿ, ಒಂದು ಚಿಮಣಿಯ ಹೊಗೆ ನೆಲಮಟ್ಟದಲ್ಲಿ ಉಂಟುಮಾಡುವ ಗರಿಷ್ಠ ಪ್ರಮಾಣವು ಹೊಗೆ ಏರಿನಿಲ್ಲುವ ಎತ್ತರದ ವರ್ಗಕ್ಕೆ ವಿಲೋಮವಾಗಿರುತ್ತದೆ. 100 ಮೀಟರ್ ಎತ್ತರದಿಂದ ಬಿಟ್ಟ ಅನಿಲಕ್ಕಿಂತ, ಅಷ್ಟೇ ಅನಿಲವನ್ನು 10 ಮೀಟರಿನಿಂದ ಬಿಟ್ಟರೆ ನೆರೆಯವರು ನೂರು ಪಟ್ಟು ಉಸಿರಾಡಬೇಕು. ಅಂದರೆ ದೊಡ್ಡ ಕಾರ್ಖಾನೆಯ ನೂರರಲ್ಲಿ ಒಂದು ಪಾಲು ಅನಿಲವನ್ನು ಬಿಡುವ ಗಿಡ್ಡ ಕುಲುಮೆಯೊಂದು ತನ್ನ ಬೀದಿಯಲ್ಲಿ ಅದಕ್ಕೆ ಸರಿಸಮನಾಗಬಲ್ಲುದು. ಹಾಗೆಂದು ಎತ್ತರದ ಚಿಮಣಿಯನ್ನು ಹೊಗಳಲು ನಾವು ಹೊರಟಿಲ್ಲ. ಅದು ಹತ್ತಿರದವರನ್ನು ಕಾಯುತ್ತದೆ. ಹತ್ತಾರು ಕಿಲೊಮೀಟರ್ ಆಚೆಯವರಿಗೆ ಅದರ ಎತ್ತರದಿಂದ ಹೆಚ್ಚಿನ ಉಪಕಾರವಿಲ್ಲ. ಅನಿಲವನ್ನು ಅದು ಕಡಮೆ ಮಾಡುವುದಿಲ್ಲ, ಹಂಚುತ್ತದೆ ಅಷ್ಟೆ.

ಸಮಿತಿಯ ಸಲಹೆಗಳಲ್ಲಿ ಗಾಳಿಯ ಗುಲಾಬಿಯ ಮುದ್ರೆ ಸ್ಪಷ್ಟವಾಗಿ ಕಾಣುತ್ತದೆ. ಗಾಳಿಯನ್ನು ಕೆಡಿಸುವ ಯಾವ ಹೊಸ ಕಾರ್ಖಾನೆಯೂ, ಸಣ್ಣದೇ ಆಗಲಿ, ತಾಜಮಹಲಿನ ವಾಯವ್ಯಕ್ಕೆ ಬರಕೂಡದು. ಈಗಿರುವ ಎರಕದ ಕಾರ್ಖಾನೆಗಳನ್ನು ಆಗ್ರಾದ ಆಗ್ನೇಯಕ್ಕೆ, ತಾಜಮಹಲಿನಿಂದಾಚೆಗೆ ಒಯ್ಯಲು ಪ್ರಯತ್ನಿಸಬೇಕು. ಆಗ್ರಾದ ಗಾಳಿಯನ್ನೂ ಕಾರ್ಖಾನೆಗಳ ಹೊಗೆಯನ್ನೂ ಸತತವಾಗಿ ಅಳೆಯುವ ಅಧಿಕಾರವುಳ್ಳ ಸಂಸ್ಥೆಯೊಂದು ಬೇಕು. ಮಥುರೆಯ ಕಾರ್ಖಾನೆ, ಹೊಗೆಯನ್ನು ಶುದ್ಧಿಮಾಡುವ ತಂತ್ರ ನಮ್ಮ ದೇಶದಲ್ಲಿ ಚೆನ್ನಾಗಿ ಬೇರೂರುವವರೆಗೆ, ತನ್ನ ವಿದ್ಯುತ್ ಘಟಕದಲ್ಲಿ ಕಲ್ಲಿದ್ದಲನ್ನು ಉರಿಸಬಾರದು. ಕಾರ್ಖಾನೆಯು 1982ರಲ್ಲಿ ಕೆಲಸ ಆರಂಭಿಸಿತು. ಅದಕ್ಕೆ ಮುಂಚೆಯೇ ಅದರ ಆವರಣದಿಂದ ಬಹುದೂರದಲ್ಲಿ, ಆಗ್ರಾದ ಹಾದಿಯಲ್ಲಿಯೂ ಹಕ್ಕಿಗಳ ಬೀಡಾದ ಭರತಪುರದ ಕಡೆಯೂ ಗಾಳಿಯನ್ನು ಅಳೆಯುವ ಕೇಂದ್ರಗಳನ್ನು ಸ್ಥಾಪಿಸಲಾಗಿದ್ದಿತು.

ಅಳೆಯುವುದೆಂದರೆ ಒಂದು ದಿನ ಹೋಗಿ ಸೀಸೆಯಲ್ಲಿ ಗಾಳಿ ತುಂಬಿ ತರುವುದಲ್ಲ. ಯಾವುದೇ ಊರಿನಲ್ಲಿ ಅನಿಲದ ಪ್ರಮಾಣ ದಿನದಿಂದ ದಿನಕ್ಕೆ ಏರಿಳಿಯುತ್ತಿರುತ್ತದೆ. ಈ ಏರಿಳಿತದ ಪ್ರಮಾಣ ವಿಚಲನೆ 15 ಮೈಕ್ರೊಗ್ರಾಂ ಎಂದೂ, ಹೊಸ ಕಾರ್ಖಾನೆ ಕೂಡಿಸುವುದು 5 ಮೈಕ್ರೊಗ್ರಾಂ ಎಂದೂ ಇಟ್ಟುಕೊಂಡರೆ, ಒಂದೆರಡು ದಿನಗಳ ಅಳತೆಯಲ್ಲಿ ಆ ಐದು ಎಲ್ಲಿಯೂ ಕಾಣದು. ಸರಾಸರಿಯ ಅನಿಶ್ಚಿತತೆ ಅಳತೆಗಳ ಸಂಖ್ಯೆಯ ವರ್ಗಮೂಲದಂತೆ ಇಳಿಯುತ್ತದೆ. 9 ದಿನ ಅಳೆದರೆ ಅದು 5. ನಾವು ಹುಡುಕುತ್ತಿರುವುದೂ 5 ಆದುದರಿಂದ ಪ್ರಯೋಜನವಿಲ್ಲ. 100 ದಿನ ಅಳೆದರೆ 1.5ಕ್ಕೆ ಇಳಿದು ಕಣ್ಣಿಗೆ ಬೀಳಲು ತೊಡಗುತ್ತದೆ. ನಿನ್ನೆಯ ಗಾಳಿಗೂ ಇಂದಿನದಕ್ಕೂ ನಂಟಿರುವುದರಿಂದ ನಿಜವಾಗಿ ಬೇಕಾಗುವ ದಿನಗಳು ಇನ್ನೂ ಹೆಚ್ಚು. ಮೇಲಾಗಿ ಆ ದಿನಗಳು ಎಲ್ಲ ಋತುಗಳಿಗೂ ಸೇರಿರಬೇಕು. ಕಾರ್ಖಾನೆಯ ಪರಿಣಾಮ ಏನೂ ಕಂಡುಬರಲಿಲ್ಲವೆಂಬ ವಾಕ್ಯವನ್ನು ಓದಿದಾಗ, ಕಾಣುವಷ್ಟು ದಿನ ನೋಡಿದರೆ ಎಂದು ಕೇಳುವುದು ಒಳ್ಳೆಯದು.

ಇದನ್ನು ಹೇಳಲು ಕಾರಣವುಂಟು. ದೊಡ್ಡ ಯೋಜನೆಗಳ ಪರಿಣಾಮವನ್ನು ಮುಂಚಿತವಾಗಿ ಅಂದಾಜುಮಾಡಬೇಕೆಂಬ ವಿಧಿ ಭಾರತದಲ್ಲಿ 1994ರ ಜನವರಿಯ ಅಧಿಸೂಚನೆಯಿಂದ ಕಾಯಿದೆಯ ಬಲವನ್ನು ಪಡೆಯಿತು. 2006ರ ಸೆಪ್ಟೆಂಬರಿನಲ್ಲಿ ಅದರ ಜಾಗಕ್ಕೆ ಹೊಸ ಅಧಿಸೂಚನೆ ಬಂದಿತು. ಅಮೆರಿಕದಲ್ಲಿ ಇಂಥ ಕಾನೂನು 1970ರ ಮೊದಲ ದಿನವೇ ಜಾರಿಗೆ ಬಂದಿದ್ದಿತು. ಆದರೆ ನಮ್ಮಲ್ಲಿ ಬಹುಬೇಗ ರೂಢಿಗೆ ಬಂದುದು, ಮಳೆಗಾಲವನ್ನು ಬಿಟ್ಟು ಯಾವುದಾದರೊಂದು ಋತುವಿನ ಅಳತೆಯಿಂದ ವರದಿಯನ್ನು ಸಿದ್ಧಪಡಿಸುವ ಪದ್ಧತಿ. ಮಳೆ ಅನಿಲವನ್ನೂ ಧೂಳನ್ನೂ ತೊಳೆದುಬಿಡುವುದರಿಂದ ಆ ಋತುವನ್ನು ಬಿಟ್ಟುದು ಸರಿಯೆ. ಉಳಿದ ಎರಡರಲ್ಲಿ ಯಾವುದನ್ನು ಆರಿಸಬೇಕು? ಉತ್ತರಭಾರತದಲ್ಲಿ ಬೇಸಿಗೆಯನ್ನು ಆರಿಸಿದರೆ, ಜೋರಾದ ಬಿಸಿಗಾಳಿ ಅನಿಲವನ್ನೆಲ್ಲ ಎತ್ತರಕ್ಕೂ ದೂರಕ್ಕೂ ಒಯ್ದು ಚೆದರಿಸುವುದರಿಂದ ಅಂಕಿಗಳು ಸೌಮ್ಯವಾಗಿ ಬರುತ್ತವೆ. ಧೂಳು ಮಾತ್ರ ಆಗ ಹೆಚ್ಚು. ಆದರೆ ಅದೂ ಒಂದು ಮರೆಯೇ. ಮರುಭೂಮಿಯ ಕಡೆಯಿಂದ ಬಂದ ಧೂಳಿನ ರಾಶಿಯಲ್ಲಿ ಕಾರ್ಖಾನೆಯ ಪಾಲನ್ನು ಬೇರ್ಪಡಿಸುವುದು ಸುಲಭವಲ್ಲ. ಪರೀಕ್ಷಾರ್ಥಿಯೇ ಪ್ರಶ್ನೆಪತ್ರಿಕೆಯನ್ನು ಆರಿಸಿಕೊಳ್ಳುವ ಪರೀಕ್ಷೆಯಂತೆ ಇದು ನಮಗೆ ತೋರುತ್ತದೆ.

ಆಗ್ರಾದ ಕಥೆ ವರದಿಯೊಡನೆ ಮುಗಿಯಲಿಲ್ಲ. ಸಲಹೆಗಳು ಬಹುಕಾಲ ಕಾಗದದ ಮೇಲೆ ಉಳಿದವು. 1984ರಲ್ಲಿ ವಕೀಲರಾದ ಎಂ. ಸಿ. ಮೆಹತಾ ಅವರು ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿದರು. ತಾಜಮಹಲಿನ ಸುತ್ತಲಿನ 10,400 ಚದರ ಕಿಲೊಮೀಟರ್ ಪ್ರದೇಶವನ್ನು ಒಂದು ವಿಶೇಷ ವಲಯವಾಗಿ ಪರಿಗಣಿಸಲಾಯಿತು. ನಕ್ಷೆಯಲ್ಲಿ ಇದು ಚತುರ್ಭುಜಾಕಾರವಾಗಿ ಕಾಣುತ್ತದೆ. 1996ರ ಡಿಸೆಂಬರ್ 30ರಂದು ನ್ಯಾಯಾಲಯವು, ವಲಯದಲ್ಲಿ ಕಲ್ಲಿದ್ದಲನ್ನೂ ಕೋಕನ್ನೂ ಉರಿಸುತ್ತಿದ್ದ 292 ಕಾರ್ಖಾನೆಗಳು ನೈಸರ್ಗಿಕ ಅನಿಲಕ್ಕೆ ಬದಲಾಗಬೇಕು, ಇಲ್ಲವೆ ವಲಯದಿಂದ ಹೊರಗೆ ಹೋಗಬೇಕು ಎಂದು ತೀರ್ಪಿತ್ತಿತು. ಕುಲುಮೆಗಳನ್ನೇ ನಂಬಿ ಬದುಕುತ್ತಿದ್ದ ಕೆಲಸಗಾರರ ವಿಷಯವೂ ಆ ತೀರ್ಪಿನಲ್ಲಿತ್ತು; ಸ್ಥಳಾಂತರದಿಂದ ಅವರ ಕೆಲಸವೂ ಸಂಬಳವೂ ತಪ್ಪಬಾರದೆಂಬ ಷರತ್ತುಗಳಿದ್ದವು. ಕುಲುಮೆಗಳನ್ನು ಕಟ್ಟುವ ಮೊದಲೇ ಗಾಳಿಯ ಗುಲಾಬಿಯನ್ನು ನೋಡಿದ್ದರೆ ಆ ಕಷ್ಟ ಬರುತ್ತಲೇ ಇರಲಿಲ್ಲವೆಂದು ಈಗ ಹೇಳುವುದು ಸುಲಭ. ಆಗ್ರಾದಲ್ಲಿ ಎರಕದ ಕೆಲಸ ಬೆಳೆದ ಕಾಲದಲ್ಲಿ ಅಂಥ ಪ್ರಶ್ನೆಯನ್ನು ಯಾರೂ ಯಾರನ್ನೂ ಕೇಳುತ್ತಿರಲಿಲ್ಲ.

ಕೊನೆಗೆ ಇನ್ನೊಂದು ಸಂಗತಿ. ಇಷ್ಟೆಲ್ಲ ಆದ ಮೇಲೂ ತಾಜಮಹಲಿನ ಬಿಳುಪು ಹಳದಿ ಕಂದುಗಳತ್ತ ತಿರುಗುತ್ತಲೇ ಇತ್ತು. ಪುರಾತತ್ತ್ವ ಇಲಾಖೆಯವರು ಮುಲ್ತಾನಿ ಮಿಟ್ಟಿ ಎಂಬ ಜೇಡಿಮಣ್ಣನ್ನು ಮೆತ್ತಿ, ಒಣಗಿದ ಮೇಲೆ ತೊಳೆದು, ಅದನ್ನು ಮತ್ತೆ ಮತ್ತೆ ಬೆಳಗಿಸುತ್ತಿದ್ದರು. ಭಾರತದ ಮತ್ತು ಅಮೆರಿಕದ ವಿಜ್ಞಾನಿಗಳು ಸೇರಿ 2011-12ರಲ್ಲಿ ಅಲ್ಲಿಯ ಗಾಳಿಯ ಕಣಗಳನ್ನು ಶೋಧಕಗಳಲ್ಲಿ ಹಿಡಿದರು; ಶುಭ್ರವಾದ ಅಮೃತಶಿಲೆಯ ಚೂರುಗಳನ್ನು ಸ್ಮಾರಕದ ಬಳಿ ಗಾಳಿಗೆ ಒಡ್ಡಿಟ್ಟು, ಅವುಗಳ ಮೇಲೆ ಕುಳಿತುದೇನೆಂಬುದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ನೋಡಿದರು. ಬಣ್ಣಗೆಡಿಸುತ್ತಿದ್ದುದು ಧೂಳು ಮತ್ತು ಇಂಗಾಲದ ಕಣಗಳೆಂದು ತಿಳಿಯಿತು. ಇಂಗಾಲವು ಕಸ, ಸೌದೆ, ಬೆರಣಿ, ಇಂಧನಗಳ ಉರಿಯಿಂದ ಬರುವಂಥದು. ಧೂಳೂ, ಇಂಗಾಲದ ಕೆಲವು ಸಂಯುಕ್ತಗಳೂ ಬೆಳಕಿನ ನೀಲಿ ಭಾಗವನ್ನು ಹೆಚ್ಚಾಗಿ ಹೀರಿಕೊಳ್ಳುತ್ತವೆ. ಹಿಂದಿರುಗಿ ಬರುವ ಬೆಳಕು ಹಳದಿಯಾಗಿ ಕಾಣುತ್ತದೆ. 1974ರಲ್ಲಿ ಎಲ್ಲರ ಕಣ್ಣು ಇದ್ದುದು ಗಂಧಕದ ಮೇಲೆ. ಇದಾದ ಕೆಲವು ವರ್ಷಗಳಲ್ಲಿ, 2016ರ ಸುಮಾರಿಗೆ, ಯಮುನೆಯ ಕಡೆಯ ಗೋಡೆಗಳ ಮೇಲೆ ಹಸುರು ಕಲೆಗಳು ಕಾಣಿಸಿಕೊಂಡವು. ಪರೀಕ್ಷಿಸಿದಾಗ ಅವು ಒಂದು ಸಣ್ಣ ನೊಣದಂಥ ಕೀಟದ ಹಿಕ್ಕೆಯೆಂದು ಗೊತ್ತಾಯಿತು. ನೀರು ಬತ್ತಿ ಕೊಳೆತುನಿಂತ ಯಮುನೆಯಲ್ಲಿ ಆ ಕೀಟ ಹುಟ್ಟಿ ಬೆಳೆಯುತ್ತದೆ. ಸಂಜೆಯ ಬೆಳಕಿಗೆ ಗೋಡೆಯ ಮೇಲೆ ಬಂದು ಕೂರುತ್ತದೆ. ಗಾಳಿಯನ್ನು ಅಳೆಯುವ ಕೇಂದ್ರಗಳ ಯಾವ ಉಪಕರಣದಲ್ಲಿಯೂ ಅದಕ್ಕೆ ಮುಳ್ಳಿಲ್ಲ.